ಹಾರದ ಗಂಟೆಯ ಲೆಕ್ಕ

ನಲವತ್ತೊಂದನೇ ವಯಸ್ಸಿನಲ್ಲಿ ನನ್ನ ಕಾಲುಗಳಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸಬೇಕಾಯಿತು. 1999ರ ಬೇಸಿಗೆ, ಜಕ್ಕೂರು ವಿಮಾನ ಮೈದಾನ. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ಬಂದವನು, ಅದರಲ್ಲಿ ಹೆಚ್ಚಿನ ಕಾಲ ಚೇತಕ್ ಮತ್ತು ಚೀತಾ ಹಾರಿಸಿದವನು. ಎದುರಿಗೆ ನಿಂತಿದ್ದದ್ದು ಅಮೆರಿಕದ ಬೆಲ್ 206. ನೋಡಲು ನಾಜೂಕು, ಒಳಗೆ ಚರ್ಮದ ಸೀಟು. ಹಾರಿಸಲು ಸುಲಭ ಎಂದು ಎಲ್ಲರೂ ಹೇಳಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ, ಆದರೆ ಪಾದದ ವಿಷಯ ಹೇಳಿರಲಿಲ್ಲ.

ಚೇತಕ್, ಚೀತಾ ಎರಡೂ ಮೂಲದಲ್ಲಿ ಫ್ರೆಂಚರವು. ಮೇಲಿನಿಂದ ನೋಡಿದರೆ ಅವುಗಳ ತಲೆಯ ಮೇಲಿನ ರೆಕ್ಕೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಅಮೆರಿಕದವರದ್ದು ಉಲ್ಟಾ. ರೆಕ್ಕೆ ಒಂದು ಕಡೆ ತಿರುಗಿದರೆ ಒಡಲು ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದಕ್ಕೇ ಬಾಲದಲ್ಲೊಂದು ಪುಟ್ಟ ರೆಕ್ಕೆ ಇರುವುದು, ಅದರ ಲಗಾಮು ಪೈಲಟ್‌ನ ಪಾದದಲ್ಲಿ. ಎಡಗೈಯ ಲಿವರ್ ಮೇಲೆತ್ತಿದಾಗ ಚೀತಾದಲ್ಲಿ ಬಲಗಾಲು ಒತ್ತಬೇಕು, ಬೆಲ್‌ನಲ್ಲಿ ಎಡಗಾಲು. ತಲೆಗೆ ಇದು ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ. ಕಾಲಿಗೆ ಆಗುವುದಿಲ್ಲ. ನೆಲದಿಂದ ಮೂರು ಅಡಿ ಎದ್ದೆವೋ ಇಲ್ಲವೋ, ನನ್ನ ಬಲಗಾಲು ಹಳೆಯ ನಿಷ್ಠೆ ತೋರಿಸಿತು, ಹೆಲಿಕಾಪ್ಟರ್ ಗಾಣದ ಎತ್ತಿನ ಹಾಗೆ ಗಿರಕಿ ಹೊಡೆಯಿತು. ಪಕ್ಕದಲ್ಲಿದ್ದ ಗುರುವೂ ಸೈನ್ಯದವನೇ, ನನಗಿಂತ ಎರಡು ವರ್ಷ ಮೊದಲು ಹೊರಬಂದವನು. ನಿಧಾನಕ್ಕೆ ಕೆಳಗಿಳಿಸಿ, "ಎಲ್ಲರಿಗೂ ಹೀಗೇ ಆಗುತ್ತೆ ಸಾರ್, ವಾರ ಬೇಕು" ಎಂದ. ನನಗೆ ಹತ್ತು ದಿನ ಬೇಕಾಯಿತು.

ಕಾಲು ಬೇಗ ಕಲಿತಿತು ಎಂದೇ ಹೇಳಬೇಕು. ಬಾಯಿ ಕಲಿಯಲು ಬಹಳ ವರ್ಷ ಹಿಡಿಯಿತು. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ನಮ್ಮ ಕಡೆಯ ಉಂಡೆ ಕೊಬ್ಬರಿ ಗೊತ್ತಿಲ್ಲದವರಿಗೆ ಒಂದು ಮಾತು: ಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಸುಲಿದು ತೆಗೆದರೆ ಇಡೀ ಗುಂಡು ಕೊಬ್ಬರಿ. ಈ ವ್ಯಾಪಾರದಲ್ಲಿ ಮಾಲು ಕೂತಷ್ಟೂ ತೂಕ ಕಳೆದುಕೊಳ್ಳುತ್ತದೆ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಬಂದದ್ದು, ಹೋದದ್ದು ಎಂಬ ಎರಡು ಕಲಮುಗಳ ಪಕ್ಕದಲ್ಲಿ ಮೂರನೆಯದೊಂದಿತ್ತು, ಅವರೇ ಗೀಟು ಎಳೆದು ಮಾಡಿಕೊಂಡದ್ದು. ತಲೆಬರಹ: ಒಣಗಿದ್ದು. ಮಂಡಿಯ ಯಜಮಾನರಿಗೆ ಆ ಕಲಮು ಕಂಡರೆ ಆಗುತ್ತಿರಲಿಲ್ಲ. "ಹೋಗಿದ್ದನ್ನ ಯಾಕ್ರೀ ಬರೀತೀರ?" ಅನ್ನುತ್ತಿದ್ದರು. "ಬರೀದಿದ್ರೆ ಉಳಿದಿರೋದು ಎಷ್ಟು ಅಂತ ಗೊತ್ತಾಗಲ್ಲ ಸ್ವಾಮಿ" ಎಂದು ಅಪ್ಪ ಬರೆಯುತ್ತಲೇ ಇದ್ದರು.

ಬಿಜಾಪುರದ ಸೈನಿಕ ಶಾಲೆ ಶುರುವಾದದ್ದು 1963ರಲ್ಲಿ. ಐದು ವರ್ಷದ ನಂತರ ನಾನು ಅಲ್ಲಿಗೆ ಹೋದೆ, ಹತ್ತು ತುಂಬಿತ್ತು. ಅಲ್ಲಿಂದ ಖಡಕ್‌ವಾಸ್ಲಾ, ಡೆಹ್ರಾಡೂನ್, 1978ರ ಡಿಸೆಂಬರಿನಲ್ಲಿ ಫಿರಂಗಿ ದಳ. ಫಿರಂಗಿಯವನು ಹೆಲಿಕಾಪ್ಟರ್ ಯಾಕೆ ಹತ್ತಿದ ಎಂದು ಕೇಳುವವರು ಬಹಳ. ಸೈನ್ಯದಲ್ಲಿ ಹಾರಾಟ ಹುಟ್ಟಿದ್ದೇ ಫಿರಂಗಿಯವರಿಂದ. ಗುಂಡು ಗುಡ್ಡದ ಆಚೆ ಎಲ್ಲಿ ಬೀಳುತ್ತಿದೆ ಎಂದು ನೋಡಿ ಹೇಳಲು ಒಬ್ಬ ಮೇಲೆ ಹೋಗಬೇಕಿತ್ತು, ಅವನು ಗುಂಡಿನ ಭಾಷೆ ಬಲ್ಲವನೇ ಆಗಿರಬೇಕಿತ್ತು. ಅದಕ್ಕೇ 'ಏರ್ ಓಪಿ' ಎಂಬ ಹೆಸರು, ಎಂದರೆ ಆಕಾಶದ ವೀಕ್ಷಣಾ ಠಾಣೆ. ಮೊದಲು ಆಸ್ಟರ್ ಎಂಬ ಪುಟ್ಟ ವಿಮಾನ, ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ಕೃಷಕ್, ಅದರ ನಂತರ ಹೆಲಿಕಾಪ್ಟರ್. 1986ರ ನವೆಂಬರ್ 1ರಂದು ಅದೇ ಬೇರೆಯಾಗಿ ಆರ್ಮಿ ಏವಿಯೇಷನ್ ಕೋರ್ ಆಯಿತು. ನಮ್ಮ ಭುಜದ ಪಟ್ಟಿ ಬದಲಾಯಿತು. ಕೆಲಸ ಅದೇ ಇತ್ತು. (ನವೆಂಬರ್ 1 ಬೇರೆ! ಕನ್ನಡದ ಹುಡುಗರು ನಾಲ್ಕೈದು ಜನ ಸೇರಿ ಮೆಸ್ಸಿನಲ್ಲಿ ಎರಡನ್ನೂ ಒಟ್ಟಿಗೆ ಆಚರಿಸುತ್ತಿದ್ದೆವು. ಉಳಿದವರಿಗೆ ಒಂದು ಮಾತ್ರ ಅರ್ಥವಾಗುತ್ತಿತ್ತು.)

ಹೆಲಿಕಾಪ್ಟರ್ ಬೆಂಗಳೂರಿಗೆ ಬಂದ ಕಥೆ ನನ್ನ ಮನೆಯೊಳಗಿನ ಕಥೆಯೂ ಹೌದು. ಫ್ರೆಂಚರ ಅಲುವೆಟ್ ಎಂಬ ಯಂತ್ರವನ್ನು ಇಲ್ಲೇ ಕಟ್ಟಲು 1962ರಲ್ಲಿ ಒಪ್ಪಂದವಾಯಿತು. ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಅದನ್ನು ಚೇತಕ್ ಎಂದರು. 1965ರ ಹೊತ್ತಿಗೆ ವಿಮಾನಪುರದ ಶೆಡ್ಡಿನಿಂದ ಮೊದಲನೆಯದು ಹೊರಬಂತು. ಆದರೆ ಹಿಮಾಲಯಕ್ಕೆ ಚೇತಕ್ ಸಾಲದು. ಇನ್ನೂ ಹಗುರವಾದದ್ದು, ಇನ್ನೂ ಎತ್ತರ ಏರುವಂಥದ್ದು ಬೇಕು ಎಂದು ನಮ್ಮವರು 1968ರಲ್ಲಿ ಕೇಳಿದರು. ಫ್ರೆಂಚರು ಹಳೆಯ ಸಣ್ಣ ಅಲುವೆಟ್‌ನ ಒಡಲಿಗೆ ದೊಡ್ಡದರ ಇಂಜಿನ್ ಮತ್ತು ರೆಕ್ಕೆ ಕೂರಿಸಿದರು. ಅವರು ಅದನ್ನು ಲಾಮಾ ಎಂದರು, ನಾವು ಚೀತಾ ಎಂದೆವು. 1972ರ ಜೂನ್ 21ರಂದು ಜಾನ್ ಬೂಲೆ ಎಂಬ ಫ್ರೆಂಚ್ ಪೈಲಟ್ ಇದೇ ಲಾಮಾದಲ್ಲಿ 12,442 ಮೀಟರ್ ಏರಿ ದಾಖಲೆ ಮಾಡಿದ. ಇಳಿಯಲು ಶಕ್ತಿ ತಗ್ಗಿಸಿದಾಗ ಇಂಜಿನ್ ಆರಿಹೋಯಿತು. ಆ ಎತ್ತರದಿಂದ ನೆಲದವರೆಗೂ ಬರೀ ಗಾಳಿಗೆ ರೆಕ್ಕೆ ತಿರುಗಿಸಿಕೊಂಡು ಇಳಿದುಬಂದ. ಏರಿದ್ದಕ್ಕೆ ಒಂದು ದಾಖಲೆ, ಇಂಜಿನ್ ಇಲ್ಲದೆ ಇಳಿದದ್ದಕ್ಕೆ ಇನ್ನೊಂದು. ಕೇಳದೆ ಸಿಕ್ಕ ಆ ಎರಡನೆಯದನ್ನೇ ನಾವು ಪೈಲಟ್‌ಗಳು ಹೆಚ್ಚು ನೆನೆಯುವುದು.

ಚೀತಾದ ಬಾಲಕ್ಕೆ ಹೊದಿಕೆ ಇಲ್ಲ. ಉಕ್ಕಿನ ಕೊಳವೆಗಳನ್ನು ಬೆಸೆದ ಏಣಿಯಂಥ ಬಾಲ. ನನ್ನ ಸೋದರಮಾವ ಎಚ್‌ಎಎಲ್‌ನಲ್ಲಿ ವೆಲ್ಡರ್. ನಾನು ಹೆಲಿಕಾಪ್ಟರಿಗೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ಹೆದರದೆ ಇದ್ದವರು ಅವರೊಬ್ಬರೇ ಎಂದುಕೊಂಡಿದ್ದೆ. ರಜೆಗೆ ಬಂದಾಗ ಒಂದು ರಾತ್ರಿ ಪಡಸಾಲೆಯಲ್ಲಿ ಮಲಗಿದ್ದೆವು. ಕತ್ತಲಲ್ಲಿ, "ಏನಳಿಮಯ್ಯ, ನನ್ನ ವೆಲ್ಡಿಂಗ್ ನಂಬ್ಕಂಡು ಆ ಹಿಮದ ಮ್ಯಾಲೆ ಹೋಗ್ತೀಯ?" ಎಂದರು. ನಗಿಸಲಿಕ್ಕೆ ಹೇಳಿದ್ದು ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಸೋಮವಾರದಿಂದ ಇನ್ನೊಂದು ಸಲ ನೋಡ್ತೀನಿ, ಪ್ರತಿ ಜಾಯಿಂಟೂ" ಎಂದರು.

ಸಿಯಾಚಿನ್ ಬಗ್ಗೆ ಬರೆದವರು ಬಹಳ ಜನ. 1984ರ ಏಪ್ರಿಲ್ 13ರಂದು ಮೊದಲ ತುಕಡಿಯನ್ನು ಬಿಲಾಫೊಂಡ್ ಲಾ ಹತ್ತಿರ ಇಳಿಸಿದ್ದೂ ಚೀತಾಗಳೇ. ನಾನು ಅಲ್ಲಿಗೆ ಹೋದದ್ದು ಅದಾದ ಮೂರು ವರ್ಷಕ್ಕೆ. ಶೌರ್ಯದ ಮಾತು ಬಿಟ್ಟು ಅಲ್ಲಿ ನಾವು ಮಾಡುತ್ತಿದ್ದ ಕೆಲಸ ಹೇಳುತ್ತೇನೆ. ಅದು ತಕ್ಕಡಿ ಕೆಲಸ. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಹಿಡಿತ ಕಡಿಮೆ, ಇಂಜಿನ್ನಿಗೆ ಉಸಿರು ಕಡಿಮೆ. ಹತ್ತೊಂಬತ್ತು, ಇಪ್ಪತ್ತು ಸಾವಿರ ಅಡಿಯ ಠಾಣೆಗೆ ಹೋಗುವಾಗ ಇಬ್ಬರು ಪೈಲಟ್‌ಗಳ ಜೊತೆಗೆ ಸಾಗಿಸಲು ಆಗುವುದು ಒಮ್ಮೊಮ್ಮೆ ಒಂದೇ ಸೀಮೆಎಣ್ಣೆ ಕ್ಯಾನು. ಇಪ್ಪತ್ತು ಲೀಟರ್. ಅಷ್ಟು ಎಣ್ಣೆಯಲ್ಲಿ ಮೇಲಿನ ಹುಡುಗರು ಹಿಮ ಕರಗಿಸಿ ನೀರು ಮಾಡಬೇಕು, ಬೇಯಿಸಬೇಕು, ಬದುಕಬೇಕು. ನಾನು ಬೂಟಿನ ಒಳಗಿನ ಎರಡನೇ ಜೊತೆ ಕಾಲುಚೀಲದ ತೂಕವನ್ನೂ ಲೆಕ್ಕ ಹಾಕುತ್ತಿದ್ದೆ. ಕೊಬ್ಬರಿ ಮಂಡಿಯ ಗುಮಾಸ್ತನ ಮಗ ಅಲ್ಲವೇ.

ಹೊತ್ತೂ ಲೆಕ್ಕವೇ. ಬೆಳಗಿನ ಚಳಿಯಲ್ಲಿ ಗಾಳಿ ಗಟ್ಟಿ, ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಗಾಳಿ ಹುಚ್ಚೇಳುತ್ತದೆ. ಹಾಗಾಗಿ ಬೆಳಕು ಹರಿಯುವಾಗ ಹೊರಟು ಬೇಗ ಮುಗಿಸಬೇಕು. ಯಾವಾಗಲೂ ಜೋಡಿ ಹೆಲಿಕಾಪ್ಟರ್, ಒಂದು ಬಿದ್ದರೆ ಎಲ್ಲಿ ಬಿತ್ತು ಎಂದು ಹೇಳಲು ಇನ್ನೊಂದು. ಮೇಲೆ ಇಳಿದಾಗ ಇಂಜಿನ್ ಆರಿಸುವಂತಿಲ್ಲ. ಆರಿಸಿದರೆ ಮತ್ತೆ ಹತ್ತಿಕೊಳ್ಳುವ ಭರವಸೆ ಇಲ್ಲ. ಇಳಿಯುವ ಜಾಗ ಎಂದರೆ ಖಾಲಿ ಕ್ಯಾನುಗಳನ್ನು ಹಿಮದಲ್ಲಿ ಹುಗಿದು ಮಾಡಿದ ಕಟ್ಟೆ, ಅಂಚಿಗೆ ಬಣ್ಣದ ಪ್ಯಾರಾಚೂಟ್ ಬಟ್ಟೆಯ ತುಂಡು. ಆ ಬಟ್ಟೆ ಅಲಂಕಾರಕ್ಕಲ್ಲ. ರೆಕ್ಕೆಯ ಗಾಳಿಗೆ ಹಿಮ ಎದ್ದು ಎಲ್ಲ ಬೆಳ್ಳಗಾದಾಗ ನೆಲ ಯಾವುದು, ಆಕಾಶ ಯಾವುದು ಎಂದು ಗೊತ್ತಾಗುವುದಿಲ್ಲ. ಒಂದು ಕೆಂಪು ಚಿಂದಿ ಕಾಣುತ್ತಿದ್ದರೆ ಸಾಕು, ಕಣ್ಣು ಅದನ್ನು ಕಚ್ಚಿಕೊಂಡು ಇಳಿಯುತ್ತದೆ.

ಒಂದು ಸಲ ಮೇಲಿಂದ ಕರೆತಂದವನು ಗೋಕಾಕದ ಕಡೆಯ ಹುಡುಗ. ಶ್ವಾಸಕೋಶದಲ್ಲಿ ನೀರು ತುಂಬಿತ್ತು, ತುಟಿ ನೀಲಿ. ಕೆಳಗೆ ಬಂದಷ್ಟೂ ಅವನ ಉಸಿರು ಸುಧಾರಿಸುತ್ತ ಹೋಯಿತು. ಆ ಕಾಯಿಲೆಗೆ ಕೆಳಗಿಳಿಯುವುದೇ ಮೊದಲ ಔಷಧ. ಬೇಸ್ ಕ್ಯಾಂಪಿನಲ್ಲಿ ಸ್ಟ್ರೆಚರ್ ಮೇಲೆ ಮಲಗಿಸುವಾಗ ನನ್ನ ಹೆಸರಿನ ಪಟ್ಟಿ ಓದಿ, "ಸಾಹೇಬ್ರ, ನೀವು ನಮ್ಮ ಕಡ್ಯಾವ್ರೇನ್ರೀ?" ಎಂದ. ಹೌದು ಎಂದೆ. ತಿಪಟೂರು ಮತ್ತು ಗೋಕಾಕದ ನಡುವಿನ ದೂರ ಅವತ್ತು ಇಬ್ಬರಿಗೂ ಲೆಕ್ಕಕ್ಕೆ ಬರಲಿಲ್ಲ.

ಈ ಎಲ್ಲದರ ನಡುವೆ ನಮಗೊಂದು ಹಕ್ಕಿತ್ತು. ಅದು ಎಷ್ಟು ದೊಡ್ಡದು ಎಂದು ಸೈನ್ಯ ಬಿಟ್ಟ ಮೇಲೆ ಗೊತ್ತಾಯಿತು. ಮೋಡ ನೋಡಿ, ಗಾಳಿ ನೋಡಿ, ಪೈಲಟ್ ಆಗಲ್ಲ ಎಂದರೆ ಆಗಲ್ಲ. ಕ್ಯಾಪ್ಟನ್ ಹೇಳಿದರೂ ಬ್ರಿಗೇಡಿಯರ್ ಕೇಳುತ್ತಿದ್ದರು. ಬೈದುಕೊಳ್ಳುತ್ತಿದ್ದರು, ಕೇಳುತ್ತಿದ್ದರು.

1998ರಲ್ಲಿ ಕಾಗದ ಹಾಕಿದೆ. ಪಿಂಚಣಿಗೆ ಬೇಕಾದ ಇಪ್ಪತ್ತು ವರ್ಷ ಮುಗಿಯುತ್ತಿತ್ತು, ಅಪ್ಪನಿಗೆ ಕಣ್ಣು ಮಂಜಾಗುತ್ತಿತ್ತು, ಮಗಳು ಆರನೇ ಶಾಲೆಯಲ್ಲಿ ನಾಲ್ಕನೇ ಭಾಷೆ ಕಲಿಯುತ್ತಿದ್ದಳು. 1999ರ ಜನವರಿಯಲ್ಲಿ ಬೆಂಗಳೂರಿಗೆ ಬಂದೆ. ಮೇ ತಿಂಗಳಲ್ಲಿ ಕಾರ್ಗಿಲ್ ಶುರುವಾಯಿತು. ನಾನು ಹೆಬ್ಬಾಳದ ಬಾಡಿಗೆ ಮನೆಯಲ್ಲಿ ಕೂತು ವಾಯುಯಾನದ ನಿಯಮಾವಳಿ ಉರು ಹೊಡೆಯುತ್ತಿದ್ದೆ, ಟಿವಿಯಲ್ಲಿ ಚೀತಾಗಳು ಗಾಯಾಳುಗಳನ್ನು ಇಳಿಸುತ್ತಿದ್ದವು. ಆ ಎರಡು ತಿಂಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗಾಗದು.

ಸೈನ್ಯದ ರೆಕ್ಕೆಯ ಬ್ಯಾಡ್ಜು ನಾಗರಿಕ ಆಕಾಶದಲ್ಲಿ ನಡೆಯುವುದಿಲ್ಲ. ಡಿಜಿಸಿಎ ಪರೀಕ್ಷೆ ಬರೆಯಬೇಕು: ನಿಯಮ, ದಿಕ್ಕು, ಹವಾಮಾನ, ಯಂತ್ರ. ರೇಡಿಯೊದಲ್ಲಿ ಮಾತಾಡಲೂ ಬೇರೆ ಪರೀಕ್ಷೆ. ಹತ್ತೊಂಬತ್ತು ವರ್ಷದ ಹುಡುಗರ ನಡುವೆ ಕೂತು ಬರೆದೆ. ಹವಾಮಾನದ ಪತ್ರಿಕೆಯಲ್ಲಿ ಒಮ್ಮೆ ನಪಾಸಾದೆ ಎಂದರೆ ನನ್ನ ಹಳೆಯ ಗೆಳೆಯರು ಈಗಲೂ ನಂಬುವುದಿಲ್ಲ.

ಆಗ ಈ ದಂಧೆ ಎಷ್ಟು ಹೊಸದು ಎಂಬುದನ್ನು ಹೇಳಬೇಕು. ಹೆಲಿಕಾಪ್ಟರ್ ಎಂದರೆ ಸರ್ಕಾರ ಎಂಬ ಕಾಲ ಅದುವರೆಗೆ. 1985ರಲ್ಲಿ ಹುಟ್ಟಿದ ಪವನ್ ಹಂಸ್ ಮುಖ್ಯವಾಗಿ ಸಮುದ್ರದ ತೈಲಬಾವಿಗಳಿಗೆ ಜನರನ್ನು ಸಾಗಿಸುತ್ತಿತ್ತು. ಬ್ರಿಟನ್ನಿನ ನೆರವಿನ ಹಣದಲ್ಲೇ ಬಂದ 21 ವೆಸ್ಟ್‌ಲ್ಯಾಂಡ್ ಹೆಲಿಕಾಪ್ಟರುಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದ್ದು ಆ ಕಾಲದ ದೊಡ್ಡ ಪಾಠ. 1994ರಲ್ಲಿ ಏರ್ ಕಾರ್ಪೊರೇಷನ್ ಕಾಯಿದೆ ರದ್ದಾಗಿ ಖಾಸಗಿಯವರಿಗೆ ಬಾಗಿಲು ತೆರೆಯಿತು. 1997ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಏವಿಯೇಷನ್ ಶುರುವಾಯಿತು. ಅದನ್ನು ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಪೈಲಟ್ ಎಂದು ಬಹಳ ಜನ ತಿಳಿದಿದ್ದಾರೆ. ಅವರ ಬದುಕಿನಿಂದ ಪ್ರೇರಿತವಾದ 'ಸೂರರೈ ಪೋಟ್ರು' ಎಂಬ ತಮಿಳು ಚಿತ್ರ ಬಂದ ಮೇಲಂತೂ ನಾಯಕ ವಾಯುಪಡೆಯವನಾಗಿಬಿಟ್ಟ. ಅವರು ನನ್ನ ಹಾಗೆ ಫಿರಂಗಿಯವರು, ನಾನು ಓದಿದ ಸೈನಿಕ ಶಾಲೆಯಲ್ಲೇ ನನಗಿಂತ ಮೊದಲು ಓದಿದವರು. ಸೈನ್ಯ ಬಿಟ್ಟು ಜಾವಗಲ್ ಕಡೆ ರೇಷ್ಮೆ ಬೆಳೆದು ಅದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದವರು. ಹೆಲಿಕಾಪ್ಟರ್ ಹಾರಿಸಬಲ್ಲವರು ಅವರ ಜೊತೆಗಾರ ಕ್ಯಾಪ್ಟನ್ ಕೆ.ಜೆ. ಸ್ಯಾಮುಯೆಲ್. ಒಬ್ಬರಿಗೆ ಮಾರುಕಟ್ಟೆ ಕಂಡಿತು, ಒಬ್ಬರಿಗೆ ಯಂತ್ರ ಗೊತ್ತಿತ್ತು. ಆಮೇಲೆ ಅವರು ಕಟ್ಟಿದ ಅಗ್ಗದ ವಿಮಾನ ಸಂಸ್ಥೆ ಏರ್ ಡೆಕ್ಕನ್ ಕಥೆ ಎಲ್ಲರಿಗೂ ಗೊತ್ತು. ಹೆಲಿಕಾಪ್ಟರಿನ ಕಥೆ ಅದರ ನೆರಳಿಗೆ ಬಿತ್ತು. ಅವರು ತೋರಿಸಿದ ದಾರಿಯಲ್ಲಿ ಇನ್ನಷ್ಟು ಸಣ್ಣ ಕಂಪನಿಗಳು ಹುಟ್ಟಿದವು. ಎಲ್ಲಿ ನೋಡಿದರೂ ಪೈಲಟ್ ಸೀಟಿನಲ್ಲಿ ಪಿಂಚಣಿ ಪಡೆಯುವ ಕರ್ನಲ್, ವಿಂಗ್ ಕಮಾಂಡರ್. ಬೇರೆ ಯಾರು ಸಿಗಬೇಕಿತ್ತು? ದೇಶದಲ್ಲಿ ಹೆಲಿಕಾಪ್ಟರ್ ಕಲಿಸುತ್ತಿದ್ದದ್ದೇ ಸೇನೆಗಳು.

ನಾನು ಸೇರಿದ್ದೂ ಅಂಥ ಒಂದು ಸಣ್ಣ ಕಂಪನಿ. ಸೇರಿ ಕೆಲವೇ ವಾರಕ್ಕೆ 1999ರ ಚುನಾವಣೆ, ಲೋಕಸಭೆ ಮತ್ತು ವಿಧಾನಸಭೆ ಎರಡೂ ಒಟ್ಟಿಗೆ. ನಮ್ಮ ದಂಧೆಗೆ ಅದು ಜಾತ್ರೆ. ದಿನಕ್ಕೆ ಐದು ಸಭೆ, ಐದು ಮೈದಾನ. ಹೆಲಿಪ್ಯಾಡ್ ಎಂದರೆ ಹೈಸ್ಕೂಲಿನ ಕಬಡ್ಡಿ ಅಂಕಣದ ಮೇಲೆ ಸುಣ್ಣದಲ್ಲಿ ಬರೆದ 'ಎಚ್'. ಗಾಳಿಯ ದಿಕ್ಕು ತೋರಿಸಲು ಹಸಿ ಹುಲ್ಲಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಟ್ಯಾಂಕರಿನಲ್ಲಿ ನೀರು ಹೊಡೆಸಿ ಎಂದು ನೂರು ಸಲ ಹೇಳಿದರೂ ಎರೆ ಭೂಮಿಯ ಊರಲ್ಲಿ ನೀರೇ ಇರುತ್ತಿರಲಿಲ್ಲ. ಇಳಿಯುವಾಗ ಧೂಳು ಎದ್ದು ಎಲ್ಲ ಕಂದು. ಹಿಮದಲ್ಲಿ ಬೆಳ್ಳಗಾಗುತ್ತಿದ್ದದ್ದು ಇಲ್ಲಿ ಕಂದಾಯಿತು, ಅಷ್ಟೇ ವ್ಯತ್ಯಾಸ. ನಾನು ಮುಂಚೆಯೇ ಫೋನ್ ಮಾಡಿ ಎಚ್ ಪಕ್ಕದಲ್ಲಿ ಕೆಂಪು ಬಟ್ಟೆಯೊಂದನ್ನು ಗೂಟಕ್ಕೆ ಬಿಗಿಯಾಗಿ ಕಟ್ಟಿ ಎನ್ನುತ್ತಿದ್ದೆ. ಒಂದೂರಲ್ಲಿ ವಿರೋಧ ಪಕ್ಷದ ಬಣ್ಣ ಎಂದು ತಕರಾರು ತೆಗೆದು ಬಿಚ್ಚಿಹಾಕಿದ್ದರು.

ಇಂಧನ ಮುಂದಾಗಿ ಲಾರಿಯಲ್ಲಿ ಹೋಗಿರುತ್ತಿತ್ತು, ಇನ್ನೂರು ಲೀಟರಿನ ಬ್ಯಾರಲ್ಲುಗಳಲ್ಲಿ. ಯಾರದೋ ಹಿತ್ತಲಲ್ಲಿ ರಾತ್ರಿ ಕಳೆದ ಬ್ಯಾರಲ್ ನಂಬುವಂತಿಲ್ಲ. ಒಳಗೆ ಹನಿ ನೀರಿದ್ದರೂ ಇಂಜಿನ್ ಆರಬಹುದು. ಅಲುಗಾಡಿಸದೆ ನಿಲ್ಲಿಸಿ, ತಳದಿಂದ ಸ್ವಲ್ಪ ತೆಗೆದು, ನೀರಿದ್ದರೆ ಬಣ್ಣ ತಿರುಗುವ ಬಿಲ್ಲೆಯಿಂದ ಪರೀಕ್ಷಿಸಿ, ಚರ್ಮದಲ್ಲಿ ಸೋಸಿ ತುಂಬಿಸಬೇಕು. ಈ ಪೂಜೆಗೆ ಅರ್ಧ ಗಂಟೆ. ನಾಯಕರ ಹಿಂಬಾಲಕರು ಗಡಿಯಾರ ನೋಡುತ್ತ, "ಪೆಟ್ರೋಲ್ ಬಂಕಿನಲ್ಲಿ ಹಿಂಗೆಲ್ಲಾ ಮಾಡಲ್ವಲ್ರೀ" ಎನ್ನುತ್ತಿದ್ದರು.

ಹಿರೇಕೆರೂರಿನ ಸಂಜೆ ಆ ವರ್ಷದ್ದೇ. ಸಭೆ ನಾಲ್ಕಕ್ಕೆ ಮುಗಿಯಬೇಕಿತ್ತು, ಆರಾದರೂ ಭಾಷಣ ನಡೆದಿತ್ತು. ಒಂದೇ ಇಂಜಿನ್ನಿನ ಯಂತ್ರ, ಕಣ್ಣಳತೆಯ ಹಾರಾಟ. ಸೂರ್ಯ ಮುಳುಗುವ ಮುಂಚೆ ಇಳಿದಿರಬೇಕು ಎಂಬುದು ನಿಯಮ. ಹುಬ್ಬಳ್ಳಿಗೆ ಅರ್ಧ ಗಂಟೆ. ನಾಯಕರು ಹಾರ ತೆಗೆಯುತ್ತ ಬಂದು ಬಾಗಿಲಿಗೆ ಕೈ ಹಾಕಿದರು. ಆಗಲ್ಲ ಎಂದೆ. ಮೊದಲು ನಕ್ಕರು. ಆಮೇಲೆ, "ನಿಮ್ಮ ಓನರ್‌ಗೆ ಫೋನ್ ಹಚ್ಚಿ" ಎಂದರು. ಮಾಲೀಕರು ನನ್ನನ್ನು ಲೈನಿಗೆ ಕರೆದು ಬಹಳ ಮೃದುವಾಗಿ, "ನೀವು ಹಿಮಾಲಯದಲ್ಲಿ ಹಾರಿಸಿದವರು, ಇಲ್ಲಿಂದ ಹುಬ್ಬಳ್ಳಿ ಏನು ಲೆಕ್ಕ ಕರ್ನಲ್?" ಎಂದರು. ಹಿಮಾಲಯದಲ್ಲಿ ಹಾರಿಸಿದ್ದಕ್ಕೇ ಆಗಲ್ಲ ಅಂತಿದ್ದೇನೆ ಎಂದು ಹೇಳಬೇಕಿತ್ತು. ನನ್ನ ಬಾಯಿಗೆ ಬಂದದ್ದು ಸೈನ್ಯದ ಭಾಷೆ: "ನೆಗೆಟಿವ್ ಸಾರ್." ನಾಯಕರು ಕಾರಿನಲ್ಲಿ ಹೋದರು. ಮರುವಾರದ ಬುಕಿಂಗ್ ಬೇರೆ ಕಂಪನಿಗೆ ಹೋಯಿತು. ನನ್ನ ಆ ತಿಂಗಳ ಹಾರಾಟದ ಭತ್ಯೆಯಲ್ಲಿ ಒಂದು ಭಾಗ ಕಾಣೆಯಾಯಿತು.

ಆ ರಾತ್ರಿ ಮೈದಾನದಲ್ಲೇ ಕಳೆದೆ. ಇಬ್ಬರು ಪೊಲೀಸರು, ಒಂದು ಗ್ಯಾಸ್‌ಲೈಟು, ಹೆಲಿಕಾಪ್ಟರ್ ನೋಡಲು ಬಂದ ಅರ್ಧ ಊರು. ಒಬ್ಬ ಅಜ್ಜಿ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಳು. ನಾನು ತಿನ್ನುವುದನ್ನು ನೋಡುತ್ತ ಕೂತು, "ಯಪ್ಪಾ, ಇದು ಏನ್ ತಿಂತೈತಿ?" ಎಂದು ಹೆಲಿಕಾಪ್ಟರ್ ಕಡೆ ಕೈ ಮಾಡಿದಳು. ಒಂದು ಥರದ ಸೀಮೆಎಣ್ಣೆ ಎಂದೆ. ಸುಳ್ಳಲ್ಲ, ವಿಮಾನದ ಇಂಧನ ಶುದ್ಧ ಮಾಡಿದ ಸೀಮೆಎಣ್ಣೆಯೇ. "ಎಷ್ಟು?" "ತಾಸಿಗೆ ನೂರು ಲೀಟರ್ ಹತ್ರ ಅಜ್ಜಿ." ಸ್ವಲ್ಪ ಹೊತ್ತು ಮಾತಾಡಲಿಲ್ಲ. "ರೇಷನ್ ಅಂಗಡ್ಯಾಂವ ನನಗ ಎರಡ ಲೀಟರಿಗೆ ನಾಕ ಸಲ ಅಡ್ಡಾಡಸ್ತಾನ" ಎಂದು ಎದ್ದು ಹೋದಳು. ಮೇಲೆ ಇಪ್ಪತ್ತು ಲೀಟರಿಗೆ ಕಾಯುತ್ತಿದ್ದ ಹುಡುಗರ ಮುಖ ನೆನಪಾಯಿತು. ರೊಟ್ಟಿ ಮುಗಿಸಲಾಗಲಿಲ್ಲ.

2004ರಲ್ಲಿ ಮೇಜಿನ ಹಿಂದೆ ಬಂದೆ. ಮೊದಲು ಹಾರಾಟದ ಮೇಲ್ವಿಚಾರಣೆ, ಆಮೇಲೆ ಕಂಪನಿಯ ವ್ಯವಹಾರ. ಆಗ ಅರ್ಥವಾಯಿತು, ನಮ್ಮ ಕೈಯಲ್ಲಿರುವ ಸರಕು ಹೆಲಿಕಾಪ್ಟರ್ ಅಲ್ಲ, ಗಂಟೆ. ಯಂತ್ರದ ಒಂದೊಂದು ಭಾಗಕ್ಕೂ ಗಂಟೆಯಲ್ಲೇ ಆಯುಷ್ಯ ಬರೆದಿರುತ್ತದೆ. ಇಷ್ಟು ಗಂಟೆಗೆ ರೆಕ್ಕೆ ಬದಲು, ಇಷ್ಟಕ್ಕೆ ಗೇರ್‌ಬಾಕ್ಸ್ ಬಿಚ್ಚಬೇಕು, ಇಷ್ಟಕ್ಕೆ ಇಂಜಿನ್. ಎಲ್ಲದರ ಬೆಲೆ ಡಾಲರಿನಲ್ಲಿ, ನಮ್ಮ ಗಳಿಕೆ ರೂಪಾಯಿಯಲ್ಲಿ. ಹಾರಿದರೆ ಆಯುಷ್ಯ ಸವೆಯುತ್ತದೆ, ಹಾರದಿದ್ದರೆ ಗುತ್ತಿಗೆಯ ಕಂತು ಮತ್ತು ವಿಮೆ ಕೂತು ತಿನ್ನುತ್ತವೆ. ಅಪ್ಪನಿಗೆ ವಿವರಿಸಿದೆ. ಆಗ ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. "ಅಟ್ಟದ ಮೇಲಿನ ಕಾಯಿ ಕಣಪ್ಪ ಅದು," ಎಂದರು, "ಕೂತ್ರೂ ಲುಕ್ಸಾನು, ಬೇಗ ಒಡದ್ರೂ ಲುಕ್ಸಾನು." ಮಾರನೇ ದಿನ ಒಂದು ನೋಟ್‌ಬುಕ್ ತೆಗೆದುಕೊಂಡು ಮೂರನೇ ಕಲಮು ಎಳೆದೆ. ತಲೆಬರಹ: ಹಾರದ ಗಂಟೆ. ಹವೆ ಕೆಟ್ಟು, ಹೊತ್ತು ಮೀರಿ, ಜಾಗ ಸರಿಯಿಲ್ಲದೆ ಬೇಡ ಎಂದು ಬಿಟ್ಟ ಪ್ರತಿ ಹಾರಾಟ ಅಲ್ಲಿಗೆ. ಮೊದಲ ಸಾಲಿಗೆ ಹಳೆಯದನ್ನೇ ಬರೆದೆ: 1999, ಹಿರೇಕೆರೂರು, ಅರ್ಧ ಗಂಟೆ.

ಆ ಕಲಮು ಮಾಲೀಕರಿಗೆ ತೋರಿಸಿದ್ದು ಒಂದೇ ಸಲ. ಸೋತದ್ದರ ಪಟ್ಟಿ ಯಾಕೆ ಎಂದರು. ಮಂಡಿ ಯಜಮಾನರ ಮಾತೇ.

ಆದರೆ ಆಕಾಶವೂ ತನ್ನದೊಂದು ಪಟ್ಟಿ ಬರೆಯುತ್ತಿತ್ತು. 2002ರ ಮಾರ್ಚ್ 3ರಂದು ಲೋಕಸಭೆಯ ಸ್ಪೀಕರ್ ಬಾಲಯೋಗಿ ಇದ್ದ ಬೆಲ್ 206 ಆಂಧ್ರದ ಕೈಕಲೂರಿನ ಹತ್ತಿರ ಬಿತ್ತು. 2009ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಬೆಲ್ 430 ನಲ್ಲಮಲ ಕಾಡಿನ ಮಳೆಮೋಡದಲ್ಲಿ ಕಾಣೆಯಾಯಿತು. ಅದು ಸಿಕ್ಕದ್ದು ಮಾರನೇ ದಿನ. ಹೀಗಾದಾಗಲೆಲ್ಲ ಎರಡು ತಿಂಗಳು ನಮ್ಮ ಪೈಲಟ್‌ಗಳ ಮಾತಿಗೆ ಬೆಲೆ ಬರುತ್ತಿತ್ತು. ಹವೆ ಹೇಗಿದೆ ಎಂದು ಗಿರಾಕಿಗಳೇ ಕೇಳುತ್ತಿದ್ದರು. ಮೂರನೇ ತಿಂಗಳಿಗೆ ಮತ್ತೆ, "ನಿಮ್ಮ ಓನರ್‌ಗೆ ಫೋನ್ ಹಚ್ಚಿ."

ನಡುವೆ ಬಳ್ಳಾರಿಯ ಅದಿರಿನ ಕಾಲ ಬಂತು. ಚೀನಾಕ್ಕೆ ಕೆಂಪು ಮಣ್ಣು ಹೋಗುತ್ತಿತ್ತು, ಗಣಿ ಧಣಿಗಳು ಸ್ವಂತ ಹೆಲಿಕಾಪ್ಟರ್ ಇಟ್ಟುಕೊಂಡರು. ಪೈಲಟ್‌ಗಳ ಸಂಬಳ ಏರಿತು, ನಮ್ಮ ಹುಡುಗರು ಕೆಲವರು ಅತ್ತ ಹೋದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದ ಮೇಲೆ ಅವರಲ್ಲಿ ಇಬ್ಬರು ನನ್ನ ಮುಂದೆ ಬಂದು ಕೂತರು. ಅಷ್ಟು ಹೊತ್ತಿಗೆ ನಾನು ಸ್ವಂತ ಅಂಗಡಿ ತೆರೆದಿದ್ದೆ. ನಮ್ಮಲ್ಲಿ ಒಂದೂ ಹೆಲಿಕಾಪ್ಟರ್ ಇಲ್ಲ. ಬಾಡಿಗೆಗೆ ಗೊತ್ತುಮಾಡುವುದು, ಜಿಲ್ಲಾಧಿಕಾರಿಯ ಅನುಮತಿ, ಇಳಿಯುವ ಜಾಗದ ತಪಾಸಣೆ, ಇಂಧನದ ಲಾರಿ, ಅಗ್ನಿಶಾಮಕದವರು, ಪೈಲಟ್‌ಗೆ ಊಟ. ಮದುವೆಗೆ ಹೂವು ಸುರಿಸುವುದು, ದಸರಾದಲ್ಲಿ ಲಲಿತಮಹಲ್ ಮೈದಾನದಿಂದ ಮೈಸೂರು ತೋರಿಸುವುದು, ಎಲ್ಲ ನೋಡಿದ್ದಾಯಿತು. 2018ರಲ್ಲಿ ದೇವನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಟ್ಯಾಕ್ಸಿ ಎಂದಾಗ ಊರೆಲ್ಲ ಕುಣಿಯಿತು. ನನಗೆ ಗಂಟೆಯ ಲೆಕ್ಕ ಕೂಡಿಬರಲಿಲ್ಲ, ದೂರವೇ ಇದ್ದೆ.

2016ರ ಫೆಬ್ರುವರಿಯಲ್ಲಿ ಕಚೇರಿಯ ಟಿವಿ ಐದಾರು ದಿನ ಆರಿಸಲಿಲ್ಲ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಎಂಬ ಸೈನಿಕ ಸಿಯಾಚಿನ್‌ನ ಸೋನಮ್ ಠಾಣೆಯಲ್ಲಿ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕಿದ್ದ. ಅಲ್ಲಿಂದ ಕೆಳಗೆ ತಂದದ್ದು ಹೆಲಿಕಾಪ್ಟರಿನಲ್ಲಿ. ಟಿವಿಯವರು ಪವಾಡ ಎನ್ನುತ್ತಿದ್ದರು. ನಾನು ಅಲ್ಲಿನ ಬೆಳಗಿನ ಗಾಳಿಯನ್ನು, ಎತ್ತಿಕೊಳ್ಳಬಹುದಾದ ಕಿಲೋಗಳನ್ನು ಮನಸ್ಸಿನಲ್ಲೇ ತೂಗುತ್ತಿದ್ದೆ. ಬಲಗಾಲು ಮೇಜಿನ ಕೆಳಗೆ ತಾನೇ ಒತ್ತಿಕೊಂಡಿತ್ತು. 11ನೇ ತಾರೀಖು ದಿಲ್ಲಿಯಲ್ಲಿ ಅವನು ತೀರಿಕೊಂಡ. ಕಚೇರಿಯ ಹುಡುಗ ಚಹಾ ತಂದಿಟ್ಟು, ಏನೂ ಕೇಳದೆ ಟಿವಿ ಆರಿಸಿದ.

ನಮ್ಮ ತಿಪಟೂರಿಗೆ ಹೋಗುವ ದಾರಿಯಲ್ಲೇ ಗುಬ್ಬಿ. ಅಲ್ಲಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು, 615 ಎಕರೆ. ಚೀತಾದ ಜಾಗಕ್ಕೆ ಬರಬೇಕಾದ ಹಗುರ ಹೆಲಿಕಾಪ್ಟರ್ ಅಲ್ಲಿ ತಯಾರಾಗಬೇಕು. ಕಾರು ನಿಲ್ಲಿಸಿ ಬೇಲಿ ನೋಡಿದೆ. ಮಾವ ಇದ್ದಿದ್ದರೆ ಬಾಲಕ್ಕೆ ಹೊದಿಕೆ ಹಾಕಿದ್ದಾರಾ ಎಂದು ಕೇಳುತ್ತಿದ್ದರು.

ಅದೇ ವರ್ಷ ಮತ್ತೆ ವಿಧಾನಸಭೆ ಚುನಾವಣೆ. ಮಾರ್ಚಿನಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಮೈದಾನದ ಪ್ಲಾಸ್ಟಿಕ್ ಹಾಳೆಗಳು ಎದ್ದು ಹಾರಿದವು, ಪೈಲಟ್ ಇಳಿಸದೆ ಮೇಲೆತ್ತಿದ. ಮೇ 2ರಂದು ಹೊಸಕೋಟೆ ಹತ್ತಿರ ಡಿ.ಕೆ. ಶಿವಕುಮಾರರ ಹೆಲಿಕಾಪ್ಟರಿನ ಗಾಜಿಗೆ ಹದ್ದು ಬಡಿಯಿತು. ಎರಡರಲ್ಲೂ ಪೈಲಟ್‌ಗಳು ಮಾಡಿದ್ದು ಸರಿಯಾದ ಕೆಲಸ. ಆದರೆ ಟಿವಿಯಲ್ಲಿ ಪೈಲಟ್ ಹೆಸರು ಬರಲಿಲ್ಲ, ಹದ್ದಿನ ಜಾತಿ ಯಾವುದೆಂದು ಚರ್ಚೆಯಾಯಿತು.

ಮೇ 5ರಂದು ಸಂಜೆ ಐದೂಕಾಲಿಗೆ ನನಗೆ ಫೋನು. ನಾವು ಗೊತ್ತುಮಾಡಿದ್ದ ಹೆಲಿಕಾಪ್ಟರಿನ ಪೈಲಟ್, ಸೈನ್ಯದಿಂದ ಬಂದು ಎರಡು ವರ್ಷವಾದ ಮೇಜರ್. ಬಿಸಿಲುನಾಡಿನ ಒಂದು ಕಾಲೇಜು ಮೈದಾನದಿಂದ ಮಾತಾಡುತ್ತಿದ್ದ. ಪಶ್ಚಿಮದಲ್ಲಿ ಗುಡುಗಿನ ಮೋಡ ಕಟ್ಟಿದೆ, ಪಕ್ಷದವರು ಇನ್ನೊಂದು ಸಭೆ ಆಗಲೇಬೇಕು ಅನ್ನುತ್ತಿದ್ದಾರೆ. "ನೀವು ಏನು ಹೇಳಿದ್ರಿ?" ಎಂದೆ. "ನೆಗೆಟಿವ್ ಅಂದೆ ಸಾರ್. ಅವರಿಗೆ ಅರ್ಥ ಆಗಿಲ್ಲ."

"ಫೋನ್ ಅವರಿಗೆ ಕೊಡಿ" ಎಂದೆ. ಆ ಕಡೆಯವರು ಜೋರಾಗಿ ಶುರುಮಾಡಿದರು. ಮುಗಿಸುವವರೆಗೂ ಕೇಳಿದೆ. ಆಮೇಲೆ, "ಅಣ್ಣಾ, ನಿಮ್ಮ ಸಭೆ ಆಗಬೇಕು ಅಂತ ನನಗೂ ಆಸೆ. ಕಾರು ಬಾಗಿಲಲ್ಲೇ ನಿಂತಿದೆ, ಒಂದೂವರೆ ಗಂಟೆಯಲ್ಲಿ ತಲುಪ್ತೀರ, ಅಲ್ಲಿಗೆ ನಾನೇ ಫೋನ್ ಮಾಡಿ ಜನ ಹೋಗದ ಹಾಗೆ ಹೇಳ್ತೀನಿ. ಹಾರೋದು ಮಾತ್ರ ಆಗಲ್ಲ" ಎಂದೆ. ಇಷ್ಟು ಸರಳ ಕನ್ನಡಕ್ಕೆ ನನಗೆ ಇಪ್ಪತ್ತನಾಲ್ಕು ವರ್ಷ ಬೇಕಾಗಿತ್ತು. ಅವರು ಬೈದರು, ಕಾರು ಹತ್ತಿದರು.

ಚುನಾವಣೆ ಮುಗಿದ ಮೇಲೆ ಬಿಲ್ಲು ಕಳಿಸಿದೆ. ಆ ರಾತ್ರಿಯ ಹಾಲ್ಟಿಂಗ್ ಮತ್ತು ರದ್ದಾದ ಹಾರಾಟದ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು ವಾಪಸ್ ಕಳಿಸಿದರು, ಪಕ್ಕದಲ್ಲಿ 'ಹಾರಿಲ್ಲ' ಎಂದು ಬರೆದಿದ್ದರು. ತಕರಾರು ಮಾಡಲಿಲ್ಲ. ನೋಟ್‌ಬುಕ್ ತೆಗೆದು ಮೂರನೇ ಕಲಮಿನಲ್ಲಿ ಬರೆದುಕೊಂಡೆ: ಮೇ 5, ಕಾಲೇಜು ಮೈದಾನ, ಗುಡುಗು, ನಲವತ್ತು ನಿಮಿಷ.